ಗೋಡಂಬಿ ಹಾಕಿದ ಕೇಸರಿಬಾತ್

ಕೇಸರಿಬಾತ್ ಈಗ ನನಗೆ ಸೇರುವುದಿಲ್ಲ. ಮದುವೆ ಮನೆಯಲ್ಲಿ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಇಡುತ್ತೇನೆ. ಪಕ್ಕದಲ್ಲಿ ಕೂತವರು ಸಕ್ಕರೆ ಕಾಯಿಲೆಯಾ ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ. ನಿಜ ಹೇಳಲು ನನಗೆ ಮುಖವಿಲ್ಲ.

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಸ್ಟೋರ್ ಕೀಪರ್. ದಾರ, ಗುಂಡಿ, ಜಿಪ್ಪು ಕೊಡುವುದು ನನ್ನ ಕೆಲಸ. ಅಲ್ಲಿ ನಾವು ಕೆಲಸಗಾರರೇ ನಡೆಸುವ ಒಂದು ಕಷ್ಟನಿಧಿ ಇದೆ. ಪ್ರತಿ ತಿಂಗಳ ಸಂಬಳದಲ್ಲಿ ಎಲ್ಲರೂ ಒಂದಿಷ್ಟು ಹಾಕುತ್ತೇವೆ, ನಮ್ಮಲ್ಲಿ ಯಾರಿಗಾದರೂ ಆಪತ್ತು ಬಂದರೆ ಅದರಿಂದ ಕೊಡುತ್ತೇವೆ. ಸಮಿತಿ ಅಂತ ಮೂವರು. ಕಟಿಂಗ್ ಮಾಸ್ಟರ್ ಅಧ್ಯಕ್ಷ, ಹೊಲಿಗೆ ವಿಭಾಗದ ಸೂಪರ್‌ವೈಸರಮ್ಮ ಸದಸ್ಯೆ, ನಾನು ಕಾರ್ಯದರ್ಶಿ.

ಮೊದಮೊದಲು ಕೇಳಿದವರಿಗೆ ಕೊಡುತ್ತಿದ್ದೆವು. ಒಮ್ಮೆ ಒಬ್ಬ ಟೈಲರ್ ಅವ್ವನಿಗೆ ಹುಷಾರಿಲ್ಲ ಎಂದು ಇಸಕೊಂಡು ಹೋಗಿ ಹೊಸ ಬೈಕಿನಲ್ಲಿ ವಾಪಸು ಬಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ಮುಂದೆ ಅರ್ಜಿ ಕೊಟ್ಟವರ ಮನೆಗೆ ಮೂವರೂ ಹೋಗಿ, ಕಣ್ಣಾರೆ ನೋಡಿ ಬಂದೇ ಕೊಡಬೇಕು ಎಂದು ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳಿದವನು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಮನೆ ನೋಡುವ ಶಾಸ್ತ್ರ ಶುರುವಾಯಿತು. ಹೆಣ್ಣು ನೋಡಲು ಹೋದವರ ಹಾಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಹೋಗುತ್ತಿದ್ದೆವು. ಆ ದೊಡ್ಡಸ್ತಿಕೆ ನೆನೆಸಿಕೊಂಡರೆ ಥೂ ಅನ್ನಿಸುತ್ತದೆ.

ಚೆಕಿಂಗ್ ಟೇಬಲಿನಲ್ಲಿ ಆದಿವಾಲ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ನಲವತ್ತರ ಆಸುಪಾಸು, ಗಂಡ ಇಲ್ಲ, ಓದುವ ಮಗಳೊಬ್ಬಳು. ಹೊಲಿದ ಅಂಗಿಯಲ್ಲಿ ಒಂದು ಹೊಲಿಗೆ ತಪ್ಪಿದ್ದರೂ ಅವಳ ಕಣ್ಣಿಗೆ ಬೀಳದೆ ಮುಂದೆ ಹೋಗುತ್ತಿರಲಿಲ್ಲ. ಅಂಥವಳ ಎಡಗಣ್ಣಿಗೇ ಕಪ್ಪು ಕವಿಯತೊಡಗಿತು. ದಾವಣಗೆರೆಯ ಡಾಕ್ಟರು ಕಣ್ಣೊಳಗಿನ ಪರದೆ ಹರಿದಿದೆ, ಎಂಟು ದಿನದೊಳಗೆ ಆಪರೇಷನ್ ಆಗಬೇಕು, ಇಲ್ಲವಾದರೆ ಆ ಕಣ್ಣು ಹೋಯಿತು ಎಂದಿದ್ದರು. ವಿಮೆಯ ದುಡ್ಡು ಬರುವುದು ಆಮೇಲೆ, ಮೊದಲು ಕೈಯಿಂದ ಕಟ್ಟಬೇಕಿತ್ತು. ಸ್ಟೋರಿನ ಕಿಟಕಿಗೆ ಬಂದು ನನ್ನ ಕೈಗೇ ಅರ್ಜಿ ಕೊಟ್ಟಳು.

"ಭಾನುವಾರ ಮನೆಗೆ ಬತ್ತೀವಮ್ಮ," ಅಂದೆ.

"ಬರ್ರಿ ಸಾರ್. ಮೂರೂ ಜನ ಬರ್ರಿ," ಅಂದಳು. ಎಲ್ಲಿ ಬರುವುದಿಲ್ಲವೋ ಎಂಬಂತೆ ಎರಡು ಸಲ ಹೇಳಿದಳು.

ಹೋದೆವು. ಎರಡು ಕೋಣೆಯ ಶೀಟಿನ ಮನೆ. ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದಳು. ಒಳಗೆ ಮೂರು ಒಳ್ಳೆಯ ಕುರ್ಚಿ, ಮಂಚದ ಮೇಲೆ ಹೊಸ ಹೊದಿಕೆ, ಮೂಲೆಯಲ್ಲಿ ಫ್ಯಾನು. ಕಪ್ಪು ಕನ್ನಡಕ ಹಾಕಿಕೊಂಡು, ಒಂದೇ ಕಣ್ಣಿನಲ್ಲಿ ಬಾಗಿಲು ತಡವಿಕೊಂಡು ಓಡಾಡುತ್ತಿದ್ದಳು. "ಕುಂತ್ಕಳ್ರಿ, ಫ್ಯಾನಿನ ಕಡೀಗೆ ಕುಂತ್ಕಳ್ರಿ," ಎಂದು ಉಪಚಾರ ಮಾಡಿದಳು. ಮಗಳು ಕೇಸರಿಬಾತ್ ತಂದುಕೊಟ್ಟಳು. ತುಪ್ಪ ಜಿನುಗುತ್ತಿತ್ತು, ಮೇಲೆ ದ್ರಾಕ್ಷಿ, ಗೋಡಂಬಿ. ಹಿಂದೆಯೇ ಬಿಸಿ ಮೆಣಸಿನಕಾಯಿ ಬಜ್ಜಿ, ಕಾಫಿ. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಯಾರದೋ ಹೆಸರು ಕೊರೆಸಿತ್ತು. ನಾನು ಅದನ್ನು ಓದಿದೆ. ಮದುವೆಗೆ ಮುಯ್ಯಿ ಬಂದದ್ದು, ಇವಳಿಗೆ ಒಳ್ಳೆಯ ನೆಂಟರೇ ಇದ್ದಾರೆ ಎಂದುಕೊಂಡೆ. ಎರಡನೆಯ ಸಲ ಕೇಸರಿಬಾತ್ ಹಾಕಿಸಿಕೊಂಡವನೂ ನಾನೇ.

ಡಾಕ್ಟರ ಚೀಟಿ ತೋರಿಸಿದಳು. ಅಧ್ಯಕ್ಷರು ಎಣ್ಣೆಗೈಯನ್ನು ಕರ್ಚೀಫಿಗೆ ಒರೆಸಿಕೊಂಡು ಚೀಟಿ ತಿರುವಿ ಹಾಕಿದರು. "ನೋಡಾಣಮ್ಮ," ಅಂದರು.

ಹೊರಗೆ ಬಂದು ಬೈಕುಗಳ ಹತ್ತಿರ ನಿಂತಾಗ ಸೂಪರ್‌ವೈಸರಮ್ಮ ಮೂಗು ಮುರಿದರು. "ಗೋಡಂಬಿ ಹಾಕಿ ಕೇಸರಿಬಾತ್ ಮಾಡೋರಿಗೆ ಏನ್ರಿ ಕಷ್ಟ? ನಮ್ಮನೇಲಿ ಹಬ್ಬಕ್ಕೂ ಅಷ್ಟು ತುಪ್ಪ ಹಾಕಲ್ಲ."

"ಫ್ಯಾನೇನು, ಕುರ್ಚಿಯೇನು," ಅಂದರು ಅಧ್ಯಕ್ಷರು. "ನಮ್ಮನೇಲೇ ಇಲ್ಲ ಅಂಥ ಕುರ್ಚಿ. ಬರ್ಕಳಪ್ಪ, ಮುಂದಿನ ತಿಂಗಳು ನೋಡಾಣ ಅಂತ."

ಎಂಟು ದಿನ ಎಂದು ಚೀಟಿಯಲ್ಲಿ ಬರೆದದ್ದನ್ನು ನಾನು ಓದಿದ್ದೆ. ಆದರೂ ಬರೆದುಕೊಂಡೆ. ಬಾಯಲ್ಲಿ ಇನ್ನೂ ಏಲಕ್ಕಿಯ ವಾಸನೆ ಇತ್ತು.

ಅವಳು ಎಲ್ಲೆಲ್ಲಿಯೋ ಕಾಡಿಬೇಡಿ ದಾವಣಗೆರೆಗೆ ಹೋಗುವಷ್ಟರಲ್ಲಿ ಇಪ್ಪತ್ತು ದಿನ ಕಳೆದಿತ್ತು. ಡಾಕ್ಟರು ಬೈದರಂತೆ. ಎಡಗಣ್ಣು ಹೋಯಿತು. ರಜೆ ಮುಗಿಸಿ ಬಂದವಳನ್ನು ಚೆಕಿಂಗ್ ಟೇಬಲಿನಿಂದ ತೆಗೆದು, ಕಡಿಮೆ ಸಂಬಳಕ್ಕೆ ಕಸ ಗುಡಿಸಲು ಹಾಕಿದರು.

ಅವಳ ಪಕ್ಕದ ಮನೆಯ ಹೆಂಗಸೊಬ್ಬಳು ನಮ್ಮಲ್ಲೇ ಪ್ಯಾಕಿಂಗಿನಲ್ಲಿದ್ದಾಳೆ. ಟೇಪು ತೆಗೆದುಕೊಳ್ಳಲು ಸ್ಟೋರಿಗೆ ಬಂದವಳು, ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ಆ ತಟ್ಟೆ ನಮ್ಮವು ಸಾರ್, ಅದರ ಮ್ಯಾಲಿರೋದು ನಮ್ಮತ್ತೆ ಹೆಸರು. ಕುರ್ಚಿ, ಫ್ಯಾನು ಮೇಷ್ಟ್ರ ಮನೇವು. ರವೆ, ತುಪ್ಪ, ಗೋಡಂಬಿ ಎಲ್ಲ ಅಂಗಡೀಲಿ ಉದ್ರಿ ತಂದಿದ್ಲು. ಕಂಪನಿಯೋರು ಮನೆತಂಕ ಬತ್ತಾರೆ, ನೆಲದ ಮ್ಯಾಲೆ ಕೂರಿಸಿ ಬರೀ ನೀರು ಕೊಟ್ರೆ ಏನಂದ್ಕಂತಾರೆ ಅಂತ ಹಿಂದಿನ ದಿನವೆಲ್ಲ ಮನೆಮನೆ ತಿರುಗಿದ್ಲು."

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದು ಹೊಸದಲ್ಲ. ಮನೆಗೆ ದೊಡ್ಡವರು ಬರುತ್ತಾರೆಂದರೆ ನನ್ನ ಅವ್ವ ಪಕ್ಕದ ಮನೆಯಿಂದ ಲೋಟ ತರಲು ನನ್ನನ್ನೇ ಓಡಿಸುತ್ತಿದ್ದಳು. ಹಿತ್ತಲ ಬಾಗಿಲಿಂದ ಬಾರಲೇ, ಬಂದವರಿಗೆ ಕಾಣಿಸೀತು ಅನ್ನುತ್ತಿದ್ದಳು. ಹಾಗೆ ಲೋಟ ಹೊತ್ತು ಬೆಳೆದವನೇ ನಾನು, ತಟ್ಟೆಯ ಮೇಲಿನ ಹೆಸರು ಓದಿಯೂ ನನಗೆ ಹೊಳೆಯಲಿಲ್ಲ. ಅವಳ ಮನೆಯ ತಿಂಡಿ ತಿಂದು ಅದನ್ನೇ ಅವಳ ಮೇಲೆ ಸಾಕ್ಷಿ ಮಾಡಿಬಿಟ್ಟೆವು. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಮೀಟಿಂಗಿನಲ್ಲಿ ಎದ್ದು ನಿಂತು, ಮನೆ ನೋಡುವುದು ಬೇಡ, ನಿಲ್ಲಿಸೋಣ ಅಂದೆ. ಅಧ್ಯಕ್ಷರು ಹಲ್ಲುಕಡ್ಡಿ ಆಡಿಸುತ್ತಾ, "ನೀನೇ ತಂದಿದ್ದ ರೂಲ್ಸ್ ಅಲ್ವೇನಪ್ಪ?" ಅಂದರು. ಎಲ್ಲರೂ ನಕ್ಕರು. ನಾನು ಕೂತುಬಿಟ್ಟೆ. ಒಂದು ಕಣ್ಣಿನ ವಿಷಯ, ಒಂದು ನಗುವಿಗೆ ಹೆದರಿ ಕೂತುಬಿಟ್ಟೆ. ಅವತ್ತೂ ಆ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು, ಆ ತಿಂಗಳ ತನ್ನ ಪಾಲನ್ನು ಕಷ್ಟನಿಧಿಗೆ ಕೊಟ್ಟು ಹೋದಳು. ನನ್ನ ಮುಖ ನೋಡಲಿಲ್ಲ.

ಹೋದ ಬೇಸಿಗೆಯಲ್ಲಿ ಹಿರೇಗುಂಟನೂರಿನಿಂದ ಬರುವ ಟೈಲರ್ ಹುಡುಗಿಯ ಅರ್ಜಿ ಬಂತು. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮತ್ತೆ ಮೂವರೂ ಹೋದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಆ ಹುಡುಗಿ "ಬರ್ರಿ" ಎಂದವಳು ನೆಲದ ಮೇಲೆ ಒಂದು ಗೋಣಿಚೀಲ ಹಾಸಿದಳು. ಕುರ್ಚಿ ಇಲ್ಲ, ಫ್ಯಾನಿಲ್ಲ. ಒಂದು ಲೋಟ ನೀರು ಸಹ ಕೊಡಲಿಲ್ಲ. ಗೋಡೆಗೆ ಒತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದಳು, ಕಿವಿಯವರೆಗೂ ಕೆಂಪಾಗಿದ್ದಳು. ಮಲಗಿದ್ದ ಗಂಡ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

ಅಧ್ಯಕ್ಷರಿಗೆ ಬಲು ಸಂತೋಷವಾಯಿತು. "ನೋಡ್ರಿ, ಕಷ್ಟ ಅಂದ್ರೆ ಇದು ಕಷ್ಟ. ಪಾಪ, ನೀರಿಗೂ ಗತಿ ಇಲ್ಲ. ನಾಳೇನೇ ಕೊಟ್ಬಿಡಾಣ," ಎಂದು ಅಲ್ಲೇ ರುಜು ಹಾಕಿದರು. ಸೂಪರ್‌ವೈಸರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೈಕುಗಳ ಹತ್ತಿರ ಬಂದಾಗ ನನ್ನ ಕನ್ನಡಕ ಒಳಗೇ ಬಿಟ್ಟದ್ದು ನೆನಪಾಗಿ, ನೀವು ನಡೀರಿ ಎಂದು ಅವರಿಬ್ಬರಿಗೆ ಹೇಳಿ ವಾಪಸು ಹೋದೆ. ಆ ಹುಡುಗಿ ಅಡುಗೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದಳು. ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಚೊಂಬು, ಬೋರಲು ಹಾಕಿದ ಮೂರು ಲೋಟ. ಮಜ್ಜಿಗೆಗೆ ಹಾಕಿದ ಇಂಗು, ಕೊತ್ತಂಬರಿಯ ವಾಸನೆ ಬಾಗಿಲವರೆಗೂ ಬರುತ್ತಿತ್ತು.

ನನ್ನನ್ನು ಕಂಡು ಗಾಬರಿಯಿಂದ ಎದ್ದಳು. "ಬೆಳಿಗ್ಗೇನೇ ಮಾಡಿಟ್ಟಿದ್ದೆ ಸಾರ್. ಕಸ ಗುಡಿಸೋ ಅಕ್ಕ ಕೊಡಬ್ಯಾಡ ಅಂದಿದ್ರು. ಕುರ್ಚಿ ಹಾಕಬ್ಯಾಡ, ನೀರು ಬೇಕಾ ಅಂತಾನೂ ಕೇಳಬ್ಯಾಡ, ಕೇಳಿದ್ರೆ ಕೆಟ್ಟೆ ಅಂದಿದ್ರು. ನಮ್ಮನೇಲಿ ಯಾರನ್ನೂ ಹಿಂಗೆ ಕಳಿಸಿಲ್ಲ ಸಾರ್."

ನನ್ನ ಗಂಟಲು ಒಣಗಿತ್ತು. ಒಂದು ಲೋಟ ಕೊಡಮ್ಮ ಅಂದೆ.

ಅವಳು ಚೊಂಬಿನ ಕಡೆ ನೋಡಿದಳು, ನನ್ನ ಕಂಕುಳಲ್ಲಿದ್ದ ಫೈಲಿನ ಕಡೆ ನೋಡಿದಳು. "ಈಗ ಕೊಟ್ರೆ ಏನೂ ಆಗಲ್ಲ ಅಲ್ವಾ ಸಾರ್?"

"ಆಗಲ್ಲಮ್ಮ," ಅಂದೆ.

ಆದರೂ ಅವಳು ಬಾಗಿಲವರೆಗೆ ಹೋಗಿ ಇಣುಕಿದಳು. ಅವರಿಬ್ಬರೂ ಬೈಕ್ ಹತ್ತಿ ಹೋದದ್ದು ಖಾತ್ರಿಯಾದ ಮೇಲೆಯೇ ಲೋಟ ತುಂಬಿಸಿ ನನ್ನ ಕೈಗಿಟ್ಟಳು.