ದೇವರಾಯಸಮುದ್ರದಲ್ಲಿ ಕಂಡ ಹರಳು

ಬೆಳಿಗ್ಗೆ ಎಂಟಕ್ಕೆ ಕೋಲಾರದಲ್ಲಿ ಮುಳಬಾಗಿಲು ಬಸ್ಸು ಹತ್ತಿದೆ. ತೊಡೆಯ ಮೇಲೆ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕದ ಪೆಟ್ಟಿಗೆ. ಹೆಂಗಸರಿಗೆ ಟಿಕೆಟ್ ಉಚಿತ. "ಪೆಟ್ಟಿಗೆಗೂ ಲಗೇಜು ಹಾಕಲ್ಲ, ಹುಷಾರಾಗಿ ಹಿಡ್ಕೊಳ್ಳಿ ಮೇಡಂ" ಎಂದ ಕಂಡಕ್ಟರ್.

ಹೊರಡಿಸಿದ್ದು ಭಾಗ್ಯಳ ಫೋನು. ನನ್ನ ಬಳಿ ಪ್ರಾಣಿಶಾಸ್ತ್ರ ಓದಿದವಳು, ದೇವರಾಯಸಮುದ್ರಕ್ಕೆ ಮದುವೆಯಾಗಿ ಹೋಗಿದ್ದಳು. "ಮಿಸ್, ರೇಷ್ಮೆಹುಳ ಸಾಯ್ತಾವೆ. ನಾನು ಸಾಕಿದ್ದು ಇದೇ ಮೊದಲು. ನನ್ನ ಕೈಗುಣ ಸರಿಯಿಲ್ಲ ಅಂತಾರೆ ಅತ್ತೆ" ಎಂದು ಅತ್ತಿದ್ದಳು.

ಮುಕ್ಕಾಲು ಗಂಟೆಯ ದಾರಿ. ಇಳಿದಾಗ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಹುಳುಮನೆಯಲ್ಲಿ ಊದಿಕೊಂಡ ಹಳದಿ ಹುಳುಗಳು ಸೊಪ್ಪು ಬಿಟ್ಟು, ಸಾಕುವ ಬಿದಿರು ತಟ್ಟೆಯ ಅಂಚಿಗೆ ತೆವಳುತ್ತಿದ್ದವು. ಮುಟ್ಟಿದರೆ ಹಾಲಿನಂಥ ರಸ. ಅದರ ಒಂದು ಹನಿಯನ್ನು ಗಾಜಿಗೆ ಹಚ್ಚಿ, ಅಂಗಳದ ಬಿಸಿಲನ್ನು ಕನ್ನಡಿಯಿಂದ ಹಾಯಿಸಿದೆ. ಆರು ಮೂಲೆಯ ಹೊಳೆಯುವ ಹರಳುಗಳು, ರಾಶಿ ರಾಶಿ! ಇಪ್ಪತ್ತು ವರ್ಷ ಇವುಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಹುಳುವಿನಿಂದಲೇ ತೆಗೆದು ನೋಡಿದ್ದು ಅದೇ ಮೊದಲು.

ಅತ್ತೆ ವೆಂಕಟಮ್ಮನವರೂ ಬಗ್ಗಿ ನೋಡಿದರು. "ಅಯ್ಯೋ ದೇವುಡಾ, ಕಲ್ಲುಸಕ್ಕರೆ ಇದ್ದಂಗೈತೆ!"

"ಇದು ಬರೀ ಚಿಪ್ಪು ಅಮ್ಮ. ಒಳಗೆ ಕಡ್ಡಿಯಂಥ ವೈರಸ್‌ಗಳು ಹುದುಗಿರ್ತವೆ, ಅವು ಈ ಮೈಕ್ರೋಸ್ಕೋಪಲ್ಲೂ ಕಾಣಲ್ಲ. ಚಿಪ್ಪು ಇರೋವರೆಗೂ ಮಣ್ಣಲ್ಲಿ, ತಟ್ಟೇಲಿ ವರ್ಷಗಟ್ಟಲೆ ಉಳೀತವೆ. ಹುಳದ ಹೊಟ್ಟೇಲಿ ಸುಣ್ಣದ ನೀರಿನಂಥ ರಸ ಇರುತ್ತೆ. ಸೊಪ್ಪಿನ ಜೊತೆ ಅಲ್ಲಿಗೆ ಹೋದ್ರೆ ಚಿಪ್ಪು ಕರಗಿ, ವೈರಸ್ ಹೊರಗೆ ಬಂದು ಹುಳ ಸಾಯುತ್ತೆ."

"ತಟ್ಟೇಲೂ ಇರ್ತಾವಾ?"

"ತೊಳೀದಿದ್ರೆ ಇರ್ತವೆ."

ವೆಂಕಟಮ್ಮ ಸೊಸೆಯತ್ತ ತಿರುಗಿದರು. "ಬ್ಲೀಚಿಂಗ್ ಪೌಡರ್ ಹಾಕಿ ತೊಳೀತೀನಿ ಅಂದೆ ನೀನು. ನಾನು ಸಾಕಿದ ಹೋದ ಬೆಳೆ ಚೆನ್ನಾಗೇ ಬಂತಲ್ಲ ಅಂತ, ಬೇಡ ಅಂದವಳು ನಾನೇ ಕಣೇ." ಭಾಗ್ಯ ಕಣ್ಣೊರೆಸಿಕೊಂಡಳು.

ಆ ಬೆಳೆ ಉಳಿಯಲಿಲ್ಲ. ದೂರದಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಹುಳುಗಳನ್ನು ಹೂತೆವು. ಊಟಕ್ಕೆ ರಾಗಿಮುದ್ದೆ, ಹುರುಳಿಸಾರು. ವೆಂಕಟಮ್ಮ ಅತಿಥಿಯಾದ ನನಗಿಂತ ಮೊದಲು ಸೊಸೆಗೆ ಬಡಿಸಿದರು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮೇಡಂ" ಎಂದರು. ಇಷ್ಟು ವರ್ಷ ನಾನು ಕಲಿಸಿದ್ದು ಯಾರದೋ ಮನೆಯಲ್ಲಿ ಕೆಲಸಕ್ಕೆ ಬಂದದ್ದನ್ನು ನೋಡುವ ಅವಕಾಶ ಕೊಟ್ಟವರು ಅವರು. ಉಪಕಾರ ನನಗೇ ಆಗಿತ್ತು.

ಮಧ್ಯಾಹ್ನದ ಬಸ್ಸಿಗೆ ಹೊರಟು, ಗೇಟಿನ ಬಳಿ ಹಿಂತಿರುಗಿ ನೋಡಿದೆ. ಅತ್ತೆ ಅಂಗಳದಲ್ಲಿ ಕೂತು ತಟ್ಟೆ ಉಜ್ಜುತ್ತಿದ್ದರು.

"ಅಂಚು ಬಿಟ್ರಿ ಅತ್ತೆ" ಎಂದಳು ಭಾಗ್ಯ.

ವೆಂಕಟಮ್ಮ ಅಂಚನ್ನು ಮತ್ತೆ ಉಜ್ಜತೊಡಗಿದರು.