ವಾರ ಕೇಳಿ ಡೋಲು ಬಾರಿಸುತ್ತಿದ್ದ ಕ್ವಾಬೆನಾ

ಕಾರಿನ ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತವನನ್ನು ಕಂಡರೆ ನೀವೇನು ಮಾಡುತ್ತೀರೋ ಗೊತ್ತಿಲ್ಲ. ನಾನಂತೂ ಒಳಗೆ ಯಾರೋ ಸಿಕ್ಕಿಬಿದ್ದಿದ್ದಾರೆಂದು ಓಡಿದೆ. ಒಮಾನಿನ ಅಲ್ ಅಜೈಬಾದ ಗ್ಯಾರೇಜು ಸಾಲಿನಲ್ಲಿ ಬೆಳಗ್ಗೆ ಹತ್ತಕ್ಕೇ ತಗಡು ಕಾದ ಕಾವಲಿಯಾಗಿರುತ್ತದೆ. ಅಂಥ ತಗಡಿಗೂ ಕಿವಿಗೂ ನಡುವೆ ಹಳೇ ಬನಿಯನ್ನಿನ ಚೂರೊಂದನ್ನು ಇಟ್ಟುಕೊಂಡು, ಆರಡಿ ಮೀರಿದ ಆ ಮನುಷ್ಯ ಎರಡು ಬೆರಳಿನಿಂದ ಬಾಗಿಲನ್ನು ತಟ್ಟುತ್ತಿದ್ದ. ಟಕ್. ಟಕ್ಟಕ್. ನಾನು ಏದುಸಿರು ಬಿಡುತ್ತ, “ಒಳಗೆ ಯಾರೋ ಇದ್ದಾರೆ, ತೆಗೀರಿ, ತೆಗೀರಿ!” ಎಂದು ಕೂಗಿದೆ. ಅವನು ಕಣ್ಣು ತೆರೆದು, ಶಾಂತವಾಗಿ ತೀರ್ಪು ಕೊಟ್ಟ: “ಯಾರೂ ಇಲ್ಲ. ಪುಟ್ಟಿ ಉಂಟು, ಜಜ್ಜಿದ್ದನ್ನು ಮುಚ್ಚಲಿಕ್ಕೆ ಮೆತ್ತಿದ್ದು. ಈ ಬಾಗಿಲು ಸುಳ್ಳು ಹೇಳ್ತದೆ, ಮಾರಾಯ್ರೆ.”

ಕ್ವಾಬೆನಾನ ಮೊದಲ ಪರಿಚಯ ಆದದ್ದು ಹೀಗೆ. ಊರು ಘಾನಾ ದೇಶದ ಕುಮಾಸಿಯ ಹತ್ತಿರ. ಕೆಲಸ, ಜಜ್ಜಿಹೋದ ಕಾರುಗಳ ತಗಡನ್ನು ಬಡಿದು ಸರಿ ಮಾಡುವುದು. ಗ್ಯಾರೇಜು ಕಾಪು ಕಡೆಯ ಸುಧಾಕರನದು. ಅಲ್ಲಿಯ ಹುಡುಗರೆಲ್ಲ ಉಡುಪಿ, ಕುಂದಾಪುರದವರು. ಹನ್ನೊಂದು ವರ್ಷ ಅವರೊಟ್ಟಿಗೆ ಗಂಜಿ ಉಂಡು ಕ್ವಾಬೆನಾ ಕಲಿತ ಕನ್ನಡ ಮೈಸೂರಿನವರ ಕನ್ನಡಕ್ಕಿಂತ ಕರಾವಳಿಯವನಾದ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ನಾನು ಹಳೇ ಕಾರು ಕೊಂಡು ಮಾರುವವನು. ಗಾಡಿ ತೊಳೆಯುವ ಕೆಲಸಕ್ಕೆಂದು ಒಮಾನಿಗೆ ಬಂದವನು ಈಗ ಸುವೈಕಿನಿಂದ ಇಬ್ರಿಯವರೆಗೆ ಯಾರ ಅಂಗಳದಲ್ಲಿ ಯಾವ ಗಾಡಿ ಧೂಳು ತಿನ್ನುತ್ತಿದೆ ಎಂದು ಕೂತಲ್ಲೇ ಹೇಳಬಲ್ಲೆ. ಕಾರು ಕೊಳ್ಳುವವರಿಗೆ ನನ್ನದೊಂದು ಸಲಹೆ: ಮೊದಲು ಬೆಲೆ ಕೇಳಬೇಡಿ. ಬಾಗಿಲು ತೆರೆದು ಮುಚ್ಚಿ, ಮುಖ ಸಿಂಡರಿಸಿ, ಸುಮ್ಮನಿರಿ. ಮಾರುವವನು ತಾನಾಗಿ ಇಳಿಯುತ್ತಾನೆ. ಇನ್ನೊಂದು ಸಲಹೆಯೂ ಉಂಟು, ಆದರೆ ಅದಕ್ಕೆ ಕ್ವಾಬೆನಾನೇ ಬೇಕು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ನಾನು ಕೊಂಡ ಯಾವ ಗಾಡಿಯೂ ನನಗೆ ಟೋಪಿ ಹಾಕಿಲ್ಲ.

ತೊಂದರೆಯೇನೆಂದರೆ, ನಾನು ಮಾರುವಾಗಲೂ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಇಬ್ರಿಯಿಂದ ಒಬ್ಬ ಗಿರಾಕಿ ಬಂದಿದ್ದ. ಗಾಡಿ ಅಪಘಾತವನ್ನೇ ಕಂಡಿಲ್ಲವೆಂದು ನಾನು ವರ್ಣಿಸುತ್ತಿದ್ದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಕ್ವಾಬೆನಾ ಎಡಗೈಯಿಂದ ಹಿಂಬದಿಯ ಬಾಗಿಲು ತಟ್ಟಿ, “ಇಲ್ಲಿ ಒಮ್ಮೆ ಗುದ್ದಿದ್ದುಂಟು,” ಎಂದ. ಯಾರೂ ಕೇಳಿರಲಿಲ್ಲ. ಗಿರಾಕಿ ನಕ್ಕು, ಗಾಡಿ ಬಿಟ್ಟು ಹೋದ. ನಾನು ಉರಿದುಬಿದ್ದೆ. “ನೀನು ನನ್ನ ಕಡೆಯವನಾ, ಅವನ ಕಡೆಯವನಾ?” ಅವನು ಯೋಚಿಸಿ ಹೇಳಿದ: “ಬಾಗಿಲಿನ ಕಡೆ.” ಮುಂದಿನ ತಿಂಗಳು ಅದೇ ಗಿರಾಕಿ ತನ್ನ ಭಾವಂದಿರನ್ನೆಲ್ಲ ಕಟ್ಟಿಕೊಂಡು ಬಂದು, “ತಟ್ಟುವವನು ಇದ್ದಾನಾ?” ಎಂದು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಸತ್ಯಕ್ಕೂ ಮಾರುಕಟ್ಟೆ ಉಂಟು. ನಮಗೆ ಅದರ ಸಗಟು ವ್ಯಾಪಾರ ಗೊತ್ತಿಲ್ಲ, ಅಷ್ಟೇ.

ಎಲ್ಲರನ್ನೂ ಅವನು ‘ಚಾಲೆ’ ಎಂದು ಕರೆಯುತ್ತಿದ್ದ. ಅವರ ಕಡೆ ಅದಕ್ಕೆ ದೋಸ್ತಿ ಎಂಬ ಅರ್ಥವಂತೆ. ನಮ್ಮ ಹುಡುಗರ ಕಿವಿಗೆ ಅದು ಹಿಂದಿಯಲ್ಲಿ ‘ಹೊರಡೋಣವಾ’ ಎಂದಂತೆ ಕೇಳಿಸಿ, ಅವನು ಪ್ರೀತಿಯಿಂದ ಮಾತು ಶುರು ಮಾಡಿದಾಗೆಲ್ಲ ಎದುರಿಗಿದ್ದವರು ಟಿಫಿನ್ ಡಬ್ಬಿ ಹಿಡಿದು ಎದ್ದು ನಿಲ್ಲುತ್ತಿದ್ದರು.

ಹೊಸಬರಿಗೆ ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಹುಟ್ಟಿದ್ದು ಯಾವ ವಾರ?” ಅವರಲ್ಲಿ ಹುಟ್ಟಿದ ವಾರವೇ ಹೆಸರು. ಮಂಗಳವಾರ ಹುಟ್ಟಿದ್ದರಿಂದ ಇವನು ಕ್ವಾಬೆನಾ. ಅವನ ಬಳಿ ಒಂದು ಡೋಲಿತ್ತು; ಅದನ್ನು ಬಾರಿಸುವಾಗ ಆ ಹೆಸರಿನಿಂದಲೇ ಜನರನ್ನು ಕರೆಯಬೇಕಂತೆ. ನನ್ನನ್ನು ಕೇಳಿದಾಗ ನಾನು ಜೂನ್ ಒಂದು ಎಂದೆ. “ತಾರೀಕಲ್ಲ, ವಾರ.” ಅಲ್ಲೇ ಸಿಕ್ಕಿಬಿದ್ದೆ. ಜೂನ್ ಒಂದು ನನ್ನ ಅಮ್ಮ ಹೆತ್ತ ದಿನವಲ್ಲ, ಶಾಲೆಗೆ ಸೇರಿಸುವಾಗ ಮಾಸ್ಟ್ರು ಹೆತ್ತ ದಿನ. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಅದೇ ದಿನ ಹುಟ್ಟಿದವರು. ನಿಜವಾದ ದಿನ ಅಮ್ಮನಿಗೂ ನೆನಪಿರಲಿಲ್ಲ. “ಆಟಿ ತಿಂಗಳಲ್ಲಿ, ಮಳೆ ಜೋರಿತ್ತು,” ಎಂದಷ್ಟೇ ಹೇಳುತ್ತಿದ್ದಳು. “ಹಾಗಾದ್ರೆ ನಿಮ್ಮನ್ನು ಡೋಲಲ್ಲಿ ಕರೆಯೋದು ಹೇಗೆ, ಶೆಟ್ರೆ?” ಎಂದ ಕ್ವಾಬೆನಾ, ಎಂಜಿನ್ ನಂಬರೇ ಇಲ್ಲದ ಗಾಡಿಯನ್ನು ನೋಡಿದವನ ಹಾಗೆ.

ಆ ಡೋಲು ಕಂಕುಳಲ್ಲಿ ಅವುಚಿ ಹಿಡಿಯುವಂಥದು, ನಮ್ಮ ಬುಡುಬುಡಿಕೆಯ ದೊಡ್ಡಣ್ಣನಂತೆ. ತೋಳು ಬಿಗಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ; ಅವರ ಭಾಷೆಯೂ ಹಾಗೇ ಏರಿಳಿಯುವುದರಿಂದ ಡೋಲು ಮಾತನ್ನೇ ಆಡುತ್ತದೆ. ಅದು ಅವನಿಗೆ ಬಂದದ್ದು ಸೋದರಮಾವನಿಂದ. ಅವರದೂ ನಮ್ಮ ಅಳಿಯಕಟ್ಟಿನಂಥದೇ ಪದ್ಧತಿ, ಅಪ್ಪನದಲ್ಲ, ಮಾವನದು ಅಳಿಯನಿಗೆ. ಇದನ್ನು ಕೇಳಿದ ದಿನದಿಂದ ಅವನು ನನಗೆ ಅರ್ಧ ಸಂಬಂಧಿಕನಾದ.

ಆ ಮಾವ ಊರಲ್ಲಿ ತೀರಿಕೊಂಡಾಗ ವೀಸಾ ಕೊಟ್ಟ ಧಣಿ, ಕಫೀಲ್, ರಜೆ ಕೊಡಲಿಲ್ಲ. ಅಜೈಬಾದ ಒಂದು ವಿಲ್ಲಾದ ಅಂಗಳದಲ್ಲಿ ಶುಕ್ರವಾರ ಅವರ ಕಡೆಯವರು ಸೇರಿದರು. ಕಾವಲುಗಾರರು, ಡ್ರೈವರುಗಳು, ಮನೆಗೆಲಸದ ಹೆಂಗಸರು, ಎಲ್ಲರದೂ ಕೆಂಪು ಕಪ್ಪು ಬಟ್ಟೆ. ಕಬ್ಬಿಣದ ಗಂಟೆ ಸಿಗದೆ ನನ್ನ ಗಾಡಿಯದೇ ಹಳೇ ಬ್ರೇಕ್ ಡ್ರಮ್ಮನ್ನು ಬಡಿಯುತ್ತಿದ್ದರು. ಸಾಂತ್ವನದ ಎರಡು ಮಾತು ಆಡಿ ಹೊರಡೋಣವೆಂದು ನಾನು ಗೋಡೆಗೆ ಒರಗಿ ನಿಂತಿದ್ದೆ. ಒಬ್ಬ ದಪ್ಪ ಹೆಂಗಸು ಬಂದು ನನ್ನ ಕೈ ಹಿಡಿದೆಳೆದಳು. ನಾನು ಬರೀ ನೋಡಲು ಬಂದವನು ಎಂದೆ. ಕ್ವಾಬೆನಾ ಬಾರಿಸುತ್ತಲೇ ಕೂಗಿದ: “ನೋಡಲಿಕ್ಕೆ ಇಲ್ಲಿ ಯಾರೂ ಬರೋದಿಲ್ಲ, ಶೆಟ್ರೆ! ಕಾಲು ಹಾಕಿ!” ಕಾರಿನ ಕೀಲಿ ಹಿಡಿದುಕೊಂಡೇ ಕಾಲು ಹಾಕಿದೆ. ಒಂದು ಭಾಷಣವಿಲ್ಲ, ಹಾರವಿಲ್ಲ, ಮುಂದಿನ ಸಾಲಿನ ಕುರ್ಚಿಯಿಲ್ಲ. ಕುಣಿಯುತ್ತ ಹೆಂಗಸರು ಅಂಗೈ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದರು. ‘ನನಗಿನ್ನು ಯಾರೂ ಇಲ್ಲ’ ಎಂದು ಅದರ ಅರ್ಥವಂತೆ.

ಇನ್ನು ನಮ್ಮ ಕನ್ನಡ ಕೂಟದ ವಿಚಾರ. ಅದರ ಅಧ್ಯಕ್ಷರು ಮೈಸೂರಿನ ಶ್ರೀಪತಿ ರಾಯರು. ಇಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ವೀಸಾ ಖಲಾಸ್ ಮಾಡಿ ಹೊರಟಿದ್ದರು. ನಿರ್ಗಮಿಸುವ ಅಧ್ಯಕ್ಷರು ಬೀಳ್ಕೊಡುಗೆಯ ವೇದಿಕೆಯಲ್ಲೇ ಮುಂದಿನವರ ಹೆಸರು ಹೇಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ರಾಯರು ನನ್ನ ಹೆಸರು ಹೇಳುವುದೆಂದು ಮಾತಾಗಿತ್ತು. ಗಾಡಿ ತೊಳೆಯಲು ಬಂದವನಿಗೆ ಆ ಕುರ್ಚಿ ಎಷ್ಟು ದೊಡ್ಡದೆಂದು ಕುರ್ಚಿಯಲ್ಲೇ ಹುಟ್ಟಿದವರಿಗೆ ತಿಳಿಯದು. ಅದಕ್ಕೆ ಪ್ರತಿಯಾಗಿ ರಾಯರು ಕೇಳಿದ್ದು ಇಷ್ಟೇ: “ಶೆಟ್ಟರೇ, ಕಾರ್ಯಕ್ರಮ ಸ್ವಲ್ಪ ಡಿಫರೆಂಟಾಗಿರ್ಲಿ.”

ಡಿಫರೆಂಟಿಗೆ ನಾನು ಕ್ವಾಬೆನಾನ ಬಳಿ ಹೋದೆ.

“ಐದು ನಿಮಿಷ,” ಎಂದೆ.

“ಐದು ನಿಮಿಷದಲ್ಲಿ ಡೋಲು ಎದ್ದು ಕೂರೋದಿಲ್ಲ. ಒಂದು ಗಂಟೆ.”

“ಏಳು.”

“ಐವತ್ತು.”

ಎಂಟಕ್ಕೆ ಇಳಿಸಿದೆ. ಆಮೇಲೆ ಅವನು ಕೇಳಿದ: “ಕುಣಿಯುವುದು ಯಾರು?”

“ಯಾರೂ ಇಲ್ಲ. ಜನ ಕೂತು ನೋಡ್ತಾರೆ.”

“ಎಂಟು ನಿಮಿಷವೂ?” ಅವನ ಮುಖದಲ್ಲಿ ನಮ್ಮೆಲ್ಲರ ಬಗ್ಗೆ ನಿಜವಾದ ಕನಿಕರವಿತ್ತು.

ಮರುದಿನ ಆಯ್ಕೆ ಸಮಿತಿಯೇ ಗ್ಯಾರೇಜಿಗೆ ಬಂತು. ಇಸ್ತ್ರಿ ಹಾಕಿದ ಅಂಗಿಯ ಮೂವರು ಹಳೇ ಟೈರುಗಳ ಮೇಲೆ ಪೇಪರು ಹಾಸಿ ಕುಳಿತರು. ಕ್ವಾಬೆನಾ ಮೂರು ಬಗೆ ಬಾರಿಸಿದ. ಮೊದಲನೆಯದು ಹುಟ್ಟಿದ ಮಗುವಿಗೆ ಎಂಟನೆಯ ದಿನ ಹೆಸರಿಡುವಾಗಿನದು. ಸಮಿತಿಗೆ ಅದು ಸಪ್ಪೆ ಎನಿಸಿತು. ಎರಡನೆಯದು ಊರ ಯಜಮಾನ ಬರುವಾಗಿನದು. ತುಂಬ ಗದ್ದಲ ಎಂದರು. ಮೂರನೆಯದಕ್ಕೆ ಮೂವರೂ ತಲೆದೂಗಿದರು. ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ವಿಲ್ಲಾದ ಅಂಗಳದಲ್ಲಿ ನಾನು ಕೀಲಿ ಹಿಡಿದು ಕಾಲು ಹಾಕಿದ್ದು ಅದಕ್ಕೇ.

“ಇದು ಯಾವುದಪ್ಪಾ?” ಎಂದ ಖಜಾಂಚಿ ಗುರುಪ್ರಸಾದ್, ಬೆಂಗಳೂರಿನವ.

“ಇದು ಹೋದವರಿಗೆ,” ಎಂದ ಕ್ವಾಬೆನಾ, ನಮ್ಮ ಕನ್ನಡದಲ್ಲೇ. ಸತ್ತರು ಎಂದು ಬಾಯಿಬಿಟ್ಟು ಹೇಳಬಾರದು, ಹೋದರು ಎನ್ನಬೇಕು ಎಂಬ ನಯವನ್ನು ಅವನಿಗೆ ಗ್ಯಾರೇಜಿನ ಹುಡುಗರು ಕಲಿಸಿದ್ದರು.

“ಸೂಪರ್! ಸರ್ ಹೋಗ್ತಾ ಇದಾರಲ್ಲ, ಥೀಮಿಗೆ ಕರೆಕ್ಟಾಗಿ ಮ್ಯಾಚ್ ಆಗತ್ತೆ. ಇದೇ ಫೈನಲ್.”

ನಾನು ಸುಲೈಮಾನಿ ಚಹಾ ಹೀರಿದೆ. ಫೈನಲ್ ಎಂದ ಮೇಲೆ ಮಾತಾಡಿದವನ ವ್ಯಾಪಾರ ಕೆಡುತ್ತದೆ.

ಸಮಿತಿ ಹೋದ ಮೇಲೆ ಕ್ವಾಬೆನಾ ಡೋಲು ಕೆಳಗಿಟ್ಟ. “ನಾನು ಇದನ್ನು ಬಾರಿಸೋದಿಲ್ಲ. ರಾಯರು ಮೊನ್ನೆಯಷ್ಟೇ ಬಂದು ಬಂಪರ್ ಸರಿ ಮಾಡಿಸಿದ್ದಾರೆ. ಬಂಪರ್ ಸರಿ ಮಾಡಿಸಿದವರಿಗೆ ಇದನ್ನು ಬಾರಿಸೋದುಂಟಾ?”

“ಮೆಲ್ಲಗೆ ಬಾರಿಸು.”

“ಮೆಲ್ಲಗೆ ಹೋದವರು ಅಂತ ಉಂಟಾ?”

“ಅರ್ಧ ಬಾರಿಸು, ಮಾರಾಯ. ಅಲ್ಲಿ ಯಾರಿಗೆ ಗೊತ್ತಾಗ್ತದೆ?”

“ನಿಮಗೆ ಗೊತ್ತುಂಟಲ್ಲ,” ಎಂದ.

ಕುರ್ಚಿಯ ವಿಷಯ ಹೇಳಿ ಕೈ ಹಿಡಿದುಕೊಂಡೆ. ಅವನು ತಲೆ ಕೆರೆದು, “ಆಯ್ತು, ಬರ್ತೇನೆ,” ಎಂದ. ನಾನು ಗೆದ್ದೆನೆಂದುಕೊಂಡೆ. ಇಲ್ಲೊಂದು ಸಲಹೆ ಬರೆದಿಟ್ಟುಕೊಳ್ಳಿ: ಬರುತ್ತೇನೆ ಎಂದವನು ಏನು ತರುತ್ತಾನೆಂದು ಆಗಲೇ ಕೇಳಿಬಿಡಬೇಕು.

ಆ ಶುಕ್ರವಾರ ಸಂಜೆ ಸಭಾಂಗಣ ತುಂಬಿತ್ತು. ಎಂಟಕ್ಕೆ ಸರಿಯಾಗಿ ಬಿಟ್ಟುಕೊಡಬೇಕೆಂದು ಸಭಾಂಗಣದವರ ಕರಾರು. ರಾಯರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರ ಸರಳತೆಯ ಬಗ್ಗೆ ಒಂಬತ್ತು ಮಂದಿ ಮಾತಾಡಿದರು. ಪ್ರತಿಯೊಬ್ಬರೂ ‘ನಾನು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ’ ಎಂದೇ ಶುರು ಮಾಡಿದರು. ಏಳೂಕಾಲಿಗೆ ಕ್ವಾಬೆನಾ, ಅವನ ಬಳಿಕ ರಾಯರ ಕೊನೆಯ ಮಾತು, ಅದರಲ್ಲಿ ನನ್ನ ಹೆಸರು. ನಾನು ಹೊಸ ಜುಬ್ಬಾದಲ್ಲಿ ಮೆಟ್ಟಿಲ ಪಕ್ಕವೇ ಕುಳಿತಿದ್ದೆ.

ಕ್ವಾಬೆನಾ ವೇದಿಕೆ ಹತ್ತಿ ಜನರಿಗೆ ಕೈ ಮುಗಿಯಲಿಲ್ಲ. ನೇರ ರಾಯರ ಮುಂದೆ ಬಗ್ಗಿ, “ಹುಟ್ಟಿದ್ದು ಯಾವ ವಾರ, ರಾಯರೇ?” ಎಂದ. ರಾಯರು ತಬ್ಬಿಬ್ಬಾಗಿ ಹೆಂಡತಿಯತ್ತ ನೋಡಿದರು. ವಿಮಲಮ್ಮ ಕುಳಿತಲ್ಲಿಂದಲೇ ಕೂಗಿದರು: “ಮಂಗಳವಾರ ಕಣಪ್ಪಾ! ಅದಕ್ಕೇ ಇಷ್ಟು ಸಿಟ್ಟು!” ಸಭೆ ನಕ್ಕಿತು. “ಹಾಗಾದ್ರೆ ನೀವೂ ಕ್ವಾಬೆನಾ,” ಎಂದು ಅವನು ತೋಳು ಬಿಗಿದ.

ಬಂದದ್ದು ಮೂರನೆಯದಲ್ಲ, ಸಮಿತಿಗೆ ಸಪ್ಪೆ ಎನಿಸಿದ ಮೊದಲನೆಯದು. ಒಂದು ಸುತ್ತು ಬಾರಿಸಿ, ಮೈಕಿನ ಹತ್ತಿರ ಬಂದು ಅದರ ಅರ್ಥ ಹೇಳಿದ: “ಮಗುವಿಗೆ ಹೇಳುವುದು ಇದು. ಕ್ವಾಬೆನಾ, ಬಂದಿದ್ದೀ, ಕೂತ್ಕೋ. ಮುಖ ತೋರಿಸಿ ಹೋಗಬೇಡ.”

ಮೂವತ್ತು ವರ್ಷಗಳಲ್ಲಿ ಈ ದೇಶದಲ್ಲಿ ಯಾರೂ ರಾಯರಿಗೆ ಕೂತ್ಕೋ ಎಂದಿರಲಿಲ್ಲ. ವೀಸಾ ನವೀಕರಿಸಿದವರೂ ಎರಡೆರಡು ವರ್ಷಕ್ಕೆ ಮಾತ್ರ ಹೇಳಿದ್ದರು. ಪೇಟ ತೊಟ್ಟ ಆ ದೊಡ್ಡ ಮನುಷ್ಯ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮತ್ತೆ ಎದ್ದರು, ವೇದಿಕೆಯಿಂದ ಇಳಿದರು, ವಿಮಲಮ್ಮನ ಕೈ ಹಿಡಿದು ಕಾಲು ಹಾಕತೊಡಗಿದರು. ಮಕ್ಕಳು ಬಂದರು, ಸುಧಾಕರನ ಹುಡುಗರು ಬಂದರು, ಇಸ್ತ್ರಿ ಅಂಗಿಯ ಗುರುಪ್ರಸಾದನೂ ಬಂದ. ಎಂಟು ನಿಮಿಷ ಕಳೆಯಿತು, ಇಪ್ಪತ್ತಾಯಿತು. ನಾನು ಗಡಿಯಾರ ತೋರಿಸುತ್ತ ರಾಯರ ಹಿಂದೆಯೇ ಓಡಾಡಿದೆ. ಹಾಗೆ ಓಡಾಡುವುದನ್ನು ಜನ ಕುಣಿತವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಎಂಟಕ್ಕೆ ಸಭಾಂಗಣದವರು ಮೈಕು ಆರಿಸಿದರು, ಎಸಿ ಆರಿಸಿದರು, ಖಲಾಸ್. ರಾಯರು ಒಂದು ಮಾತೂ ಆಡದೆ, ಬೆವರು ಒರೆಸುತ್ತ, ಎಲ್ಲರನ್ನೂ ತಬ್ಬಿಕೊಂಡು ಹೋದರು. ಭಾನುವಾರ ವಿಮಾನ ಹತ್ತಿದರು. ಮುಂದಿನ ವಾರ ಗುರುಪ್ರಸಾದ್ ಅಧ್ಯಕ್ಷನಾದ. ನಾನು ಉಪಾಹಾರ ಸಮಿತಿಯ ಸಂಚಾಲಕನಾದೆ.

ಎರಡು ತಿಂಗಳು ನಾನು ಆ ಗ್ಯಾರೇಜಿನತ್ತ ಸುಳಿಯಲಿಲ್ಲ. ಅಷ್ಟರಲ್ಲಿ ಪುಟ್ಟಿ ಮೆತ್ತಿದ ಗಾಡಿಯೊಂದಕ್ಕೆ ಬಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಸುಧಾಕರನೇ ಫೋನ್ ಮಾಡಿದ: “ಕ್ವಾಬೆನಾ ವೀಸಾ ಕ್ಯಾನ್ಸಲ್ ಮಾಡಿ ಹೊರಟ. ಊರಲ್ಲಿ ಮಾವನ ಡೋಲಿನ ಜಾಗಕ್ಕೆ ಅಳಿಯನೇ ಕೂರಬೇಕಂತೆ. ನಾಳೆ ಫ್ಲೈಟು.”

ನಾನು ಹೋದಾಗ ಅವನು ಸುತ್ತಿಗೆಗಳನ್ನು ಒರೆಸಿ ಹುಡುಗರಿಗೆ ಹಂಚುತ್ತಿದ್ದ. ಡೋಲು ಆಗಲೇ ಹಳೇ ಕಂಬಳಿಯೊಳಗೆ ಸೇರಿ ಹಗ್ಗ ಬಿಗಿಸಿಕೊಂಡಿತ್ತು. ನಾನು ಹಳೇ ಟೈರೊಂದರ ಮೇಲೆ ಕೂತು, ಸುತ್ತು ಬಳಸದೆ ಕೇಳಿದೆ: “ನಿನ್ನಿಂದ ನನ್ನ ಒಂದು ಕುರ್ಚಿ ಹೋಯಿತು. ಅದಕ್ಕೆ ಬದಲು ಏನು ಕೊಟ್ಟು ಹೋಗ್ತೀ?”

ಅವನು ಕೈ ಒರೆಸಿಕೊಂಡ. “ಒಂದು ವಾರ ಕೊಡ್ತೇನೆ.”

“ಹೊರಟವನು ವಾರ ಎಲ್ಲಿಂದ ಕೊಡ್ತೀ?”

“ಬುಧವಾರ. ನೀವು ಮೊದಲು ಓಡಿ ಬಂದದ್ದು ಬುಧವಾರ. ಒಳಗೆ ಯಾರೋ ಇದ್ದಾರೆ, ತೆಗೀರಿ, ತೆಗೀರಿ ಅಂತ ಕೂಗಿದಿರಿ. ನಿಮ್ಮದಲ್ಲದ ಗಾಡಿ, ಗುರುತಿಲ್ಲದ ಜನ. ನನ್ನ ಲೆಕ್ಕಕ್ಕೆ ನೀವು ಹುಟ್ಟಿದ್ದು ಆವತ್ತು. ಬುಧವಾರದವರು ನಮ್ಮಲ್ಲಿ ಕ್ವಾಕು.”

ನನ್ನ ಕಾರಿನ ಬಾನೆಟ್ಟಿನ ಮೇಲೆ ಎರಡು ಬೆರಳಿಟ್ಟ. ತಗಡಿಗೆ ಕಂಕುಳಿನ ಡೋಲಿನಂತೆ ಏರಿಳಿಯಲು ಬಾರದು. ಆದರೂ ಅದು ಯಾವುದೆಂದು ನನಗೆ ಗೊತ್ತಾಯಿತು. ಕ್ವಾಕು, ಬಂದಿದ್ದೀ, ಕೂತ್ಕೋ. ಹೊರಟವನು ಅವನು, ಕೂತ್ಕೋ ಎನಿಸಿಕೊಂಡವನು ನಾನು. ಬಾರಿಸಿ ಮುಗಿಸಿ, “ಚಾಲೆ,” ಎಂದ. ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿದ್ದ ನಾನೂ ಆವತ್ತು ಟೈರಿನಿಂದ ಎದ್ದು ನಿಂತೆ.

ಅರ್ಜಿಗಳಲ್ಲಿ ಈಗಲೂ ಜೂನ್ ಒಂದನ್ನೇ ಬರೆಯುತ್ತೇನೆ. ಸರ್ಕಾರದ ಜೊತೆ ಚೌಕಾಸಿ ಮಾಡಬಾರದು. ಆದರೆ ವಾರ ಯಾವುದೆಂದು ಯಾರಾದರೂ ಕೇಳಿದರೆ ಬುಧವಾರ ಎನ್ನುತ್ತೇನೆ. ಕೇಳುವವರು ಈಗ ಯಾರೂ ಇಲ್ಲ.