ಸ್ಲೈಡ್ ಮಾವ

ಬೀದಿ ಮಂದಿಗೆಲ್ಲ ಅವರು ಸ್ಲೈಡ್ ಮಾವ. ಪೊಲೀಸರ ಆಯುಧಕೋಣೆಯಲ್ಲಿ ಮೂವತ್ತು ವರ್ಷ ಪಿಸ್ತೂಲಿಗೆ ಎಣ್ಣೆ ಹಚ್ಚಿ ನಿವೃತ್ತರಾದವರು. ಹಾರಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಸಾಕು, ಕೈ ತಾನಾಗಿ ಗಾಳಿಯಲ್ಲಿ ಸ್ಲೈಡ್ ಎಳೆಯುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಜಿಗಿದು ಮುಂದಕ್ಕೆ ಬರುವ ಆ ಉಕ್ಕಿನ ಮೇಲ್ಭಾಗವೇ ಪಿಸ್ತೂಲಿನ ಪ್ರಾಣ ಎನ್ನುವುದು ಅವರ ವೇದವಾಕ್ಯ. ಮೇಲೆ ತೆರೆದ ಸ್ಲೈಡಾದರೆ ಖಾಲಿ ತೋಟಾ ಸಲೀಸಾಗಿ ಹೊರಗೆ ಹಾರುತ್ತದಂತೆ. ಮುಚ್ಚಿದ್ದು ಬರೀ ಗಡಿಗೆ ಮೇಲಿನ ತಟ್ಟೆಯಂತೆ. ಪಕ್ಕದಲ್ಲಿ ಕೂರುವ ಬ್ಯಾಂಕಿನ ಹಳೇ ಕಾವಲುಗಾರ ಮುಚ್ಚಿದ ಸ್ಲೈಡಿನ ಪಕ್ಷ. "ನಿಂದು ಸೀಳಿದ ಕೊಳಲು ಕಣೋ, ಸಾವಿರ ಗುಂಡಿಗೆ ಬಿರುಕು ಬಿಡುತ್ತೆ! ನಂದು ಯಾವತ್ತೂ ಸಿಕ್ಕಿಹಾಕ್ಕೊಳ್ಳಲ್ಲ!" "ನಿಂದು ಹತ್ತಕ್ಕೇ ಸಿಕ್ಕಿಹಾಕ್ಕೊಳ್ಳುತ್ತೆ, ಬಾಯಿ ಮುಚ್ಚು!" ಹೀಗೆ ಹಾವು ಮುಂಗುಸಿಯಂತೆ ಕಚ್ಚಾಡಿ, ಒಂದೇ ಚಹಾವನ್ನು ಎರಡು ಲೋಟಕ್ಕೆ ಸುರಿದುಕೊಂಡು ಕುಡಿದು ಏಳುತ್ತಾರೆ. ಮೊನ್ನೆ ಮಾತ್ರ ಮಾವ ಚಹಾ ಮುಟ್ಟಲಿಲ್ಲ. ಹೊಸದಾಗಿ ಪೊಲೀಸ್ ಸೇರಿದ ಮಗಳಿಗೆ ಅಂದು ಮೊದಲ ಗಸ್ತು. ಅವಳ ಸೊಂಟಕ್ಕೆ ಕೊಟ್ಟಿದ್ದು ಮುಚ್ಚಿದ ಸ್ಲೈಡಿನ ಪಿಸ್ತೂಲು. ಕಾವಲುಗಾರ ಗೇಲಿಗೆಂದು ತೆರೆದ ಬಾಯನ್ನು ಅವರ ಮುಖ ನೋಡಿ ಮುಚ್ಚಿಕೊಂಡ. "ಲೇ," ಎಂದರು ಮಾವ ನೆಲ ನೋಡುತ್ತ, "ಅದು ಯಾವತ್ತೂ ಸಿಕ್ಕಿಹಾಕ್ಕೊಳ್ಳಲ್ಲ ಅಂತಿದ್ಯಲ್ಲ, ಇನ್ನೊಂದ್ಸಲ ಹೇಳೋ."